ಗೋಡೆ ಮೇಲಿನ ಜಮಖಾನೆ

ಮೊನ್ನೆ ನವಲಗುಂದಕ್ಕೆ ಹೋದಾಗ ತಂಗಿ ಒಂದು ಪುಟ್ಟ ಬಟ್ಟೆ ಅಂಗಡಿಗೆ ಎಳೆದುಕೊಂಡು ಹೋದಳು. ಹಳೇ ಕೂರಿಗೆ ಮೇಲೆ ಇಳಕಲ್ ಸೀರೆ, ಮೊರದ ತುಂಬ ಗುಳೇದಗುಡ್ಡದ ಖಣ, ರೊಟ್ಟಿ ಹಂಚಿಗೆ ಮುಳ್ಳು ಕೂರಿಸಿದ ಗಡಿಯಾರ! ನಗು ತಡೆಯೋಕಾಗಲಿಲ್ಲ.

ಆಮೇಲೆ ಗೋಡೆ ನೋಡಿದೆ. ಪಗಡೆ ಹಾಸಿನ ಜಮಖಾನೆ. ಇಲ್ಲಿನ ಮುಸ್ಲಿಂ ಹೆಣ್ಣುಮಕ್ಕಳು ಮನೆಯಲ್ಲೇ ನೇಯುವಂಥದ್ದು, 2011ರಲ್ಲಿ ಜಿಐ ಟ್ಯಾಗ್ ಪಡೆದದ್ದು. ನಮ್ಮನೇಲೂ ಇಂಥದ್ದೊಂದಿತ್ತು, ಜೋಳದ ಚೀಲ ಮುಚ್ಚೋಕೆ. ಪಾತ್ರೆಯವಳಿಗೆ ಕೊಟ್ಟು ಸ್ಟೀಲ್ ಡಬ್ಬಿ ತಗೊಂಡವಳು ನಾನೇ...

"ಇದಕ್ಕೆಷ್ಟ್ರೀ ಅಕ್ಕಾರ?"

"ಅದು ಮಾರಾಕಲ್ರೀ. ನಮ್ಮತ್ತಿ ನೇಯ್ದದ್ದು. ನನಗೂ ಕಲಸ್ತೇನಿ ಅಂದಿದ್ರು, ನಾನೇ ವಲ್ಲೆ ಅಂದೆ."

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಒಂದು ಖಣ ಕಟ್ಟಿಸಿಕೊಂಡು ಬಂದೆ.

ಆ ಡಬ್ಬಿಯಲ್ಲಿ ಈಗಲೂ ಸಕ್ಕರೆ ಇದೆ. ನಿಮ್ಮನೇಲಿ ಹಳೇ ಜಮಖಾನೆ ಇದ್ರೆ ದಯವಿಟ್ಟು ಕೊಡಬೇಡಿ.