ಕಡಲ ಮೊರೆತವೂ ಒಳನಾಡಿನ ಬಂಡೆಯೂ

ಕಳೆದ ಆಷಾಢದಲ್ಲಿ ನನ್ನ ಸೋದರಮಾವನವರೊಡನೆ ಮಲ್ಪೆಯ ನಂಟರ ಮನೆಯಲ್ಲಿ ಮೂರು ದಿನ ನಿಲ್ಲುವ ಸಂದರ್ಭವೊದಗಿತು. ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳನ್ನು ನೋಡಬೇಕೆಂಬುದು ನನ್ನ ಬಹುದಿನದ ಆಸೆ. ಮಳೆಗಾಲದಲ್ಲಿ ಅಲ್ಲಿಗೆ ದೋಣಿ ಹೋಗದೆಂಬ ಸಾಮಾನ್ಯ ಸಂಗತಿಯು ಹೊರಡುವ ಮುನ್ನ ನನಗೆ ಹೊಳೆಯಲೇ ಇಲ್ಲ. ಕೊಡೆ ಹಿಡಿದು ದಡದಲ್ಲಿ ನಿಂತು, ದ್ವೀಪವಿರಬೇಕಾದ ದಿಕ್ಕನ್ನು ನೋಡಿ ಮರಳಿದ್ದಾಯಿತು. ರಾತ್ರಿಯಾದರೆ ಕಡಲಿನ ಮೊರೆತಕ್ಕೆ ನಿದ್ರೆಯೇ ಬಾರದು.

ಮಾವನವರು ಮೂವತ್ತು ವರ್ಷ ಭೂಗರ್ಭಶಾಸ್ತ್ರವನ್ನು ಬೋಧಿಸಿ ನಿವೃತ್ತರಾದವರು. ನಾನು ಹೊರಳಾಡುತ್ತಿರುವುದನ್ನು ಕಂಡು, “ಈ ಕಡಲು ನಿನ್ನೊಬ್ಬನ ನಿದ್ರೆಯನ್ನು ಕೆಡಿಸುತ್ತಿಲ್ಲವಪ್ಪ, ಗೌರಿಬಿದನೂರಿನ ಬಂಡೆಯನ್ನೂ ನಡುಗಿಸುತ್ತಿದೆ” ಎಂದರು. ಗೌರಿಬಿದನೂರಿನಲ್ಲಿ ನನ್ನ ತಂಗಿಯ ಗೃಹಪ್ರವೇಶಕ್ಕೆ ನಾವು ಹೋಗಬೇಕಾಗಿದ್ದಿತು. ಹಾಸ್ಯವೆಂದೇ ಭಾವಿಸಿ ನಕ್ಕೆನು.

ಅದು ಹಾಸ್ಯವಲ್ಲವೆಂದು ಮರುದಿನ ಆಗುಂಬೆಯ ಘಾಟಿಯನ್ನು ಏರುವ ಬಸ್ಸಿನಲ್ಲಿ ತಿಳಿಯಿತು. ಎದುರುಬದುರಾಗಿ ಬರುವ ಅಲೆಗಳು ಸಂಧಿಸಿದಾಗ ಅವುಗಳ ಒತ್ತಡವು ಕಡಲಿನ ತಳವನ್ನು ಮುಟ್ಟಿ, ನೆಲದಲ್ಲಿ ಬಲು ಸಣ್ಣ ಕಂಪನವನ್ನು ಹುಟ್ಟಿಸುವುದಂತೆ. ಐದರಿಂದ ಹತ್ತು ಸೆಕೆಂಡುಗಳಿಗೊಮ್ಮೆ ಏರಿಳಿಯುವ ಈ ಮಿಡಿತಕ್ಕೆ 1950ರಲ್ಲಿ ಸರಿಯಾದ ಕಾರಣವನ್ನು ಗಣಿತದಿಂದ ತೋರಿಸಿದವರು ಇಂಗ್ಲೆಂಡಿನ ಲಾಂಗೆಟ್ ಹಿಗಿನ್ಸರು. ಅದಕ್ಕೂ ಬಹು ಹಿಂದೆ, 1870ರ ದಶಕದಲ್ಲಿಯೇ, ಇಟಲಿಯ ಬರ್ತೆಲ್ಲಿ ಎಂಬ ಪಾದ್ರಿಗಳು ತೂಗುಬಿಟ್ಟ ಲೋಲಕವನ್ನು ಸೂಕ್ಷ್ಮದರ್ಶಕದಿಂದ ನೋಡುತ್ತ, ಭೂಕಂಪವಿಲ್ಲದ ದಿನಗಳಲ್ಲಿಯೂ ಅದು ಅಲುಗುವುದನ್ನು ಗುರುತಿಸಿದ್ದರು. ಭೂಕಂಪಶಾಸ್ತ್ರಜ್ಞರಿಗೆ ಮಾತ್ರ ಈ ಕಂಪನವು ಬಹುಕಾಲ ಅಕ್ಕಿಯೊಳಗಿನ ಕಲ್ಲಾಗಿದ್ದಿತು. ಅದನ್ನು ಆರಿಸಿ ಎಸೆಯುವುದೇ ಅವರ ಕೆಲಸ.

“ಎಸೆಯುತ್ತಿದ್ದುದನ್ನು ಈಗ ಏಕೆ ಕೂಡಿಡುತ್ತಾರೆ?” ಎಂದು ಕೇಳಿದೆನು.

“ಉಡುಪಿಯ ರಥಬೀದಿಯನ್ನು ನೆನೆದುಕೊ. ಬೀದಿಯ ಎರಡು ಕೊನೆಗಳಲ್ಲಿ ಇಬ್ಬರು ಕುಳಿತು ಉತ್ಸವದ ಗದ್ದಲವನ್ನು ಹಗಲೆಲ್ಲ ಬರೆದಿಟ್ಟರೆನ್ನು. ಒಬ್ಬನ ಬರಹ ಇನ್ನೊಬ್ಬನಿಗೆ ತಾಳೆಯಾಗದು. ಆದರೆ ಒಂದು ಹಾಳೆಯನ್ನು ಇನ್ನೊಂದರ ಮೇಲಿಟ್ಟು ಮೆಲ್ಲಮೆಲ್ಲನೆ ಜರುಗಿಸುತ್ತ ಹೋಗು. ಒಂದೆಡೆ ಎರಡೂ ಕೂಡಿಬರುತ್ತವೆ. ಎಷ್ಟು ಜರುಗಿಸಿದೆಯೋ ಅಷ್ಟೇ ಹೊತ್ತು ಸದ್ದು ಈ ತುದಿಯಿಂದ ಆ ತುದಿಗೆ ನಡೆದಿದೆ.”

ಒಂದು ದಿನದ ದಾಖಲೆ ಇದಕ್ಕೆ ಸಾಲದು, ತಿಂಗಳುಗಟ್ಟಲೆ ಕೂಡಿಸಬೇಕು. ಎರಡು ಉಪಕರಣಗಳ ನಡುವೆ 150 ಕಿಲೋಮೀಟರ್ ದೂರವಿದ್ದು, ಅಲೆಯು ಸೆಕೆಂಡಿಗೆ 3 ಕಿಲೋಮೀಟರ್ ನಡೆದರೆ, 50 ಸೆಕೆಂಡುಗಳ ಅಂತರದಲ್ಲಿ ತಾಳೆ ಬೀಳುವುದು. ಮೆದುವಾದ ಮಡ್ಡಿಯಲ್ಲಿ ಅಲೆ ನಿಧಾನ, ಗಟ್ಟಿ ಶಿಲೆಯಲ್ಲಿ ಚುರುಕು. ಬೇಗಬೇಗ ಮಿಡಿಯುವ ಅಲೆಯು ಮೇಲ್ಪದರದ ಸುದ್ದಿಯನ್ನೂ, ನಿಧಾನವಾಗಿ ಮಿಡಿಯುವುದು ಆಳದ ಸುದ್ದಿಯನ್ನೂ ತರುವುದು. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯದ ನೆಲವನ್ನು ಹೀಗೆ ಬರಿಯ ಗದ್ದಲದಿಂದಲೇ ಚಿತ್ರಿಸಿ, ಶಪೀರೊ, ಕಾಂಪಿಲೊ ಮೊದಲಾದವರು 2005ರಲ್ಲಿ ಪ್ರಕಟಿಸಿದರು. ಅಲ್ಲಿಯ ಮಡ್ಡಿ ತುಂಬಿದ ಕಣಿವೆಗಳೂ ಗಟ್ಟಿ ಪರ್ವತಗಳೂ ಚಿತ್ರದಲ್ಲಿ ಬೇರೆಬೇರೆಯಾಗಿ ಮೂಡಿದವು.

ನಮ್ಮ ನಾಡಿಗೆ ಈ ಉಪಾಯವು ವಿಶೇಷವಾಗಿ ಒಪ್ಪುವುದು. ನೆಲದೊಳಗನ್ನು ಭೂಕಂಪದ ಅಲೆಗಳಿಂದ ತಿಳಿಯೋಣವೆಂದರೆ, ಇಲ್ಲಿ ಭೂಕಂಪಗಳು ವಿರಳ. ದೂರದಿಂದ ಬಂದ ಅಲೆಗಳಲ್ಲಿ ಮೇಲ್ಪದರದ ವಿವರ ಸವೆದುಹೋಗಿರುವುದು. ಕಡಲಾದರೋ ಹಗಲಿರುಳೂ ದುಡಿಯುತ್ತದೆ.

ಸಂಜೆಗೆ ಚಿತ್ರದುರ್ಗ ಕಂಡಿತು. ಕೋಟೆಯನ್ನು ಕುರಿತು ಬಲ್ಲವರು ಬೇಕಾದಷ್ಟು ಬರೆದಿದ್ದಾರೆ; ಮಾವನವರು ಕೋಟೆಯತ್ತ ಕಣ್ಣೆತ್ತಲಿಲ್ಲ. ಇಲ್ಲಿಯ ಶಿಲಾಪಟ್ಟಿಯ ಪೂರ್ವದ ಅಂಚಿನಲ್ಲಿ ಎರಡು ಪ್ರಾಚೀನ ಭೂಖಂಡಗಳು ಕೂಡಿವೆಯೆಂದು ತೋರಿಸುವುದರಲ್ಲಿಯೇ ಅವರಿಗೆ ಉತ್ಸಾಹ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿದ್ವಾಂಸರೂ ಅವರ ಸಂಗಡಿಗರೂ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಗದ್ದಲವನ್ನು ದೂರದ ಭೂಕಂಪಗಳ ಅಲೆಗಳೊಡನೆ ಸೇರಿಸಿ ನೋಡಲಾಗಿ, ಪೂರ್ವಭಾಗದಲ್ಲಿ ಭೂಮಿಯ ತೊಗಟೆಯು 32ರಿಂದ 38 ಕಿಲೋಮೀಟರ್ ದಪ್ಪವಿರುವುದಾಗಿಯೂ, ಪಶ್ಚಿಮದ 300 ಕೋಟಿ ವರ್ಷಗಳಿಗೂ ಹಳೆಯದಾದ ಭಾಗದಲ್ಲಿ ಅದು 54 ಕಿಲೋಮೀಟರ್‌ವರೆಗೂ ಇಳಿದಿರುವುದಾಗಿಯೂ ಕಂಡುಬಂದಿತು. ಬೆಳಗಿನಿಂದ ನಾವು ಬಸ್ಸಿನಲ್ಲಿ ಕುಲುಕಾಡುತ್ತ ಬಂದುದು ಅಂಥ ದಪ್ಪ ನೆಲದ ಮೇಲೆ!

ಗೌರಿಬಿದನೂರಿನ ಸುತ್ತ ಬೋಳು ಗುಂಡುಗಲ್ಲಿನ ಗುಡ್ಡಗಳು, ನಡುವೆ ಜೋಳದ ಹೊಲಗಳು. ಪರದೇಶಗಳು ನೆಲದಡಿಯಲ್ಲಿ ಸಿಡಿಸುವ ಅಣುಬಾಂಬುಗಳ ಸದ್ದನ್ನು ಹಿಡಿಯಲೆಂದು 1965ರಲ್ಲಿ ಇಲ್ಲಿ ಎರಡು ತೋಳುಗಳಾಗಿ 20 ಕಂಪನಮಾಪಕಗಳನ್ನು ಹೂಡಿದರು. ಇಂಥ ಕಾರ್ಯಕ್ಕೆ ನಿಶ್ಶಬ್ದವಾದ ಗಟ್ಟಿ ಬಂಡೆ ಬೇಕು.

ಗೃಹಪ್ರವೇಶದ ಊಟವಾದ ಮೇಲೆ ನಾವಿಬ್ಬರೂ ಊರ ಹೊರಗಿನ ಬಂಡೆಯೊಂದರ ಮೇಲೆ ಕುಳಿತೆವು. ತಂಗಿಯ ಯಜಮಾನರು, “ನಮ್ಮದು ಗಟ್ಟಿ ನೆಲ, ಮನೆಗೆ ಭಯವಿಲ್ಲ” ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಮಾವನವರು ಅದಕ್ಕೆ ಉತ್ತರವನ್ನೇ ಕೊಟ್ಟಿರಲಿಲ್ಲ. ಈಗ ತಾವಾಗಿ ಬಾಯಿಬಿಟ್ಟರು.

“ದಖ್ಖನಿನ ನೆಲ ಅಲುಗಾಡದೆಂದು ನಾನೂ ಎಷ್ಟೋ ವರ್ಷ ಪಾಠ ಹೇಳಿದೆ. 1967ರಲ್ಲಿ ಕೊಯ್ನಾ ನಡುಗಿತ್ತು. ಅದು ಅಣೆಕಟ್ಟಿನ ನೀರಿನಿಂದಾದುದೆಂದು ಸಮಾಧಾನ ಹೇಳಿಕೊಂಡೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿಯಲ್ಲಿ ಕಲ್ಲುಗೋಡೆಗಳು ಮಲಗಿದವರ ಮೇಲೆ ಬಿದ್ದವು. ಸತ್ತವರು ಹತ್ತಿರ ಹತ್ತಿರ ಹತ್ತು ಸಾವಿರ. ಹದಿನೈದು ದಿನಗಳಾದ ಮೇಲೆ ಹೋಗಿ ನೋಡಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿ ಸಿಕ್ಕಿದ. ಏನೂ ಕೇಳಲಿಲ್ಲ; ನಮಸ್ಕಾರ ಮಾಡಿದ, ಅಷ್ಟೆ.”

ಈ ಹೊಸ ಉಪಾಯದಿಂದ ಭೂಕಂಪದ ದಿನವನ್ನು ಮುಂದಾಗಿ ಹೇಳಲಾದೀತೇ ಎಂದೆನು.

“ಇಲ್ಲ. ಎಲ್ಲಿ ಮೆದು, ಎಲ್ಲಿ ಬಿರುಕು, ಎಲ್ಲಿ ಎರಡು ಖಂಡಗಳು ಕೂಡಿವೆ, ಅಷ್ಟನ್ನು ತೋರಿಸೀತು. ಗೋಡೆಯನ್ನು ಸರಿಯಾಗಿ ಕಟ್ಟುವುದು ನಮ್ಮ ಪಾಲಿಗೇ ಉಳಿಯಿತು.”

ಮಾತು ಮುಗಿಸಿ ಅಂಗೈಯನ್ನು ಬಂಡೆಯ ಮೇಲೆ ಊರಿದರು. ನಾನೂ ಊರಿದೆನು. ಬಿಸಿಲಿಗೆ ಕಾದ ಕಲ್ಲು ಬೆಚ್ಚಗಿತ್ತು, ಬೇರೇನೂ ತಿಳಿಯಲಿಲ್ಲ. ಮಲ್ಪೆಯಲ್ಲಿ ಆ ಹೊತ್ತಿಗೂ ಮಳೆ ಹೊಯ್ಯುತ್ತಿದ್ದಿರಬೇಕು. ಸ್ವಲ್ಪ ಹೊತ್ತಿನ ಮೇಲೆ ಮಾವನವರು ಎದ್ದು, ತಂಗಿಯ ಮನೆಯ ತಳಪಾಯವನ್ನೂ ಮೂಲೆಗಳನ್ನೂ ಒಮ್ಮೆ ನೋಡಬೇಕೆಂದು ಊರ ಕಡೆಗೆ ಹೊರಟರು.