ಮೂಡ್ ಇಲ್ಲದವರ ವಾಕಿಂಗ್

ಎದುರು ಸಿಕ್ಕವರನ್ನು ‘ಚೆನ್ನಾಗಿದ್ದೀರಾ’ ಎಂದು ಕೇಳುವ ಮೊದಲೇ ಕಣ್ಣಲ್ಲೇ ತೂಕ ಹಾಕಿಬಿಡುವುದು ನಮ್ಮ ಜನಕ್ಕೆ ರೂಢಿ. ಮದುವೆ ಮನೆಯಲ್ಲಂತೂ ಕೇಳುವುದೇ ಬೇಡ. ‘ಏನೇ ಹೀಗೆ ಊದ್ಕೊಂಡಿದ್ದೀಯ!’ ಎಂದು ಅಕ್ಕರೆಯಿಂದಲೇ ಗದರಿದ ದೊಡ್ಡಮ್ಮ, ಪಂಕ್ತಿಯಲ್ಲಿ ಎದುರು ನಿಂತು ‘ಒಂದು ಹೋಳಿಗೆಗೆ ಏನಾಗುತ್ತೆ, ಹಾಕಿಸ್ಕೋ’ ಎಂದು ಬಲವಂತ ಮಾಡುತ್ತಾರೆ. ಹೋಗಲಿ, ಇಳಿದರೆ ಬಿಡುಗಡೆಯೇ? ಅದೂ ಇಲ್ಲ. ‘ಯಾಕೆ ಇಷ್ಟು ಸೊರಗಿದ್ದೀಯ, ಶುಗರ್ ಚೆಕ್ ಮಾಡಿಸಿದ್ಯಾ?’ ನನ್ನ ಮೈ ಎಷ್ಟಿದ್ದರೆ ಸರಿ ಎಂಬುದು ದೊಡ್ಡಮ್ಮನಿಗೊಬ್ಬರಿಗೇ ಗೊತ್ತು. ಅವರು ಬಾಯಿ ಬಿಡುವುದಿಲ್ಲ.

ರೈಲ್ವೆ ಸ್ಟೇಷನ್ನಿನ ಹಳೆಯ ತೂಕದ ಮೆಷಿನ್ನಿಗೆ ಇದಕ್ಕಿಂತ ಸೌಜನ್ಯವಿತ್ತು. ಬಣ್ಣದ ಬಲ್ಬು ಮಿಣುಕಿಸುತ್ತ ನಿಂತ ಅದರ ಮೇಲೆ ಹತ್ತಿ ನಾಣ್ಯ ಹಾಕಿದರೆ ಠಕ್ಕೆಂದು ಒಂದು ದಪ್ಪ ಚೀಟಿ ಬೀಳುತ್ತಿತ್ತು. ತೂಕದ ಜೊತೆಗೆ ಒಂದು ಸಾಲು ಭವಿಷ್ಯ. ಅಂಕಿ ಎಷ್ಟೇ ಬರಲಿ, ಭವಿಷ್ಯ ಮಾತ್ರ ಸಾಮಾನ್ಯವಾಗಿ ಒಳ್ಳೆಯದೇ. ಈಗಿನ ಫೋನಿನ ಆ್ಯಪು ಅಂಕಿಯನ್ನು ಕೆಂಪಕ್ಷರದಲ್ಲಿ ತೋರಿಸಿ ಸುಮ್ಮನಾಗುತ್ತದೆ. ಭವಿಷ್ಯವನ್ನು ನಾವೇ ಬರೆದುಕೊಳ್ಳಬೇಕು. ಮಂಕು ಕವಿದ ದಿನ ಅದನ್ನು ಎಷ್ಟು ಚೆನ್ನಾಗಿ ಬರೆದುಕೊಳ್ಳುತ್ತೇವೆ ಎಂದು ಬೇರೆ ಹೇಳಬೇಕಾಗಿಲ್ಲ.

ಆ ಕೆಂಪಕ್ಷರದ ಹಿಂದೆ ಇರುವುದು ತೂಕವನ್ನು ಎತ್ತರಕ್ಕೆ ತಾಳೆ ಹಾಕುವ ಬಿಎಂಐ. ಅದರ ಲೆಕ್ಕವನ್ನು 1830ರ ದಶಕದಲ್ಲಿ ಮುಂದಿಟ್ಟ ಬೆಲ್ಜಿಯಮ್ಮಿನ ಅಡಾಲ್ಫ್ ಕೆಟ್ಲೆ ವೈದ್ಯನಲ್ಲ. ಖಗೋಳ ಮತ್ತು ಅಂಕಿಅಂಶಗಳ ಪಂಡಿತ. ಆತ ಹುಡುಕುತ್ತಿದ್ದದ್ದು ಜನಸಮೂಹದ ಸರಾಸರಿಯನ್ನು. ಅದಕ್ಕೆ ಇಂದಿನ ಹೆಸರಿಟ್ಟವರು 1972ರಲ್ಲಿ ಅಮೆರಿಕದ ಆ್ಯನ್ಸೆಲ್ ಕೀಸ್ ಮತ್ತು ಸಂಗಡಿಗರು. ಹಾಗಂತ ಅದು ಕೆಲಸಕ್ಕೆ ಬಾರದ ಅಂಕಿಯೇನಲ್ಲ. ಅಷ್ಟೇ ತೂಕದಲ್ಲೂ ನಮ್ಮವರ ಮೈಯಲ್ಲಿ ಕೊಬ್ಬು ಹೆಚ್ಚು, ಅದೂ ಹೊಟ್ಟೆಯ ಸುತ್ತ ಹೆಚ್ಚು ಎಂಬ ಕಾರಣಕ್ಕೆ, ಬೇರೆ ಕಡೆ 25ಕ್ಕೆ ಎಳೆಯುವ ಹೆಚ್ಚು ತೂಕದ ಗೆರೆಯನ್ನು ನಮ್ಮ ವೈದ್ಯರು 23ಕ್ಕೇ ಎಳೆಯುತ್ತಾರೆ. ಡಾಕ್ಟರ ಮೇಜಿನ ಮೇಲೆ ಅದಕ್ಕೆ ಬೆಲೆಯುಂಟು. ಕನ್ನಡಿಯ ಮುಂದೆ ನಿಂತವಳಿಗೆ ಅದು ನಡತೆಯ ಸರ್ಟಿಫಿಕೇಟಿನಂತೆ ಕಾಣತೊಡಗಿದಾಗಲೇ ಎಡವಟ್ಟು.

ಮೈಯ ಅಳತೆಯನ್ನು ಮುಖ ಸಿಂಡರಿಸದೆ ಹೇಳುವವನು ನನಗೆ ತಿಳಿದ ಮಟ್ಟಿಗೆ ಟೈಲರ್ ಒಬ್ಬನೇ. ಕಿವಿಯ ಸಂದಿಯಲ್ಲಿ ಪೆನ್ಸಿಲು, ಕೊರಳಲ್ಲಿ ಟೇಪು. ಸುತ್ತಳತೆ ಹಿಡಿದು, ಮೂಲೆ ಮಡಿಚಿದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ‘ಮೇಡಂ, ಒಳಗೆ ಒಂದಿಂಚು ಮಾರ್ಜಿನ್ ಬಿಟ್ಟಿರ್ತೀನಿ’ ಎನ್ನುತ್ತಾನೆ. ಮೈ ಹಿಗ್ಗುವುದೂ ಕುಗ್ಗುವುದೂ ಆತನಿಗೆ ಹೊಲಿಗೆ ಬಿಚ್ಚಿ ಹಾಕುವಷ್ಟರ ವಿಷಯ. ‘ಸಣ್ಣ ಆದ್ಮೇಲೆ ಹಾಕ್ಕೋತೀನಿ’ ಎಂದು ಬೀರುವಿನಲ್ಲಿ ಮಡಿಚಿಟ್ಟ ಚೂಡಿದಾರಗಳನ್ನು ಅವನ ಬಳಿ ಒಯ್ದು ಬಿಚ್ಚಿಸಿದ್ದು ನನ್ನ ಆರೋಗ್ಯಕ್ಕೆ ಎಷ್ಟು ಒಳ್ಳೆಯದಾಯಿತು ಎಂದರೆ, ಅದನ್ನು ಯಾವ ಡಯಟ್ ಚಾರ್ಟಿನಲ್ಲೂ ಯಾಕೆ ಬರೆಯುವುದಿಲ್ಲವೋ ತಿಳಿಯದು. ಉಸಿರು ಬಿಗಿಹಿಡಿಯದೆ ನಡೆಯಬಹುದಾದ ಬಟ್ಟೆಯಿಲ್ಲದೆ ವಾಕಿಂಗ್ ಎಲ್ಲಿಂದ ಬರಬೇಕು?

ಖಿನ್ನತೆ ಬಂದವರಿಗೆ ಈ ವಾಕಿಂಗ್ ಎಂಬುದು ತೀರಾ ಪರಿಚಿತ ಉಪದೇಶ. 2015–16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮುಂದೆ ನಿಂತು ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ವಯಸ್ಕರಲ್ಲಿ ಸುಮಾರು ಇಪ್ಪತ್ತಕ್ಕೆ ಒಬ್ಬರು ಬದುಕಿನ ಯಾವುದೋ ಘಟ್ಟದಲ್ಲಿ ಖಿನ್ನತೆಯನ್ನು ಕಂಡವರೇ ಎಂದಿತು. ಐವತ್ತೆಲೆಯ ಪಂಕ್ತಿ ಕೂತರೆ ಇಬ್ಬರೋ ಮೂವರೋ. ಅವರಲ್ಲಿ ನಾನೂ ಒಬ್ಬಳು. ಗೀಸರ್ ಹಾಕಿ, ನೀರು ಕಾದು, ಮತ್ತೆ ಆರಿದರೂ ಸ್ನಾನಕ್ಕೆ ಏಳಲಾಗದ ಬೆಳಗುಗಳನ್ನು ಕಂಡವರಿಗೆ ‘ಬೆಳಿಗ್ಗೆ ಎದ್ದು ಒಂದು ರೌಂಡ್ ಹಾಕು, ಎಲ್ಲಾ ಸರಿಹೋಗುತ್ತೆ’ ಎಂಬ ಮಾತು ಕೇಳಿದರೆ ಅಳುವುದೋ ನಗುವುದೋ ಗೊತ್ತಾಗುವುದಿಲ್ಲ.

ಇನ್ನೂ ಸಿಟ್ಟು ಬರಿಸುವ ಸಂಗತಿಯೆಂದರೆ ಆ ಮಾತಿನಲ್ಲಿ ಸತ್ಯವಿದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೇಮ್ಸ್ ಬ್ಲೂಮೆಂಥಾಲ್ ತಂಡ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖಿನ್ನತೆಯಿದ್ದ 156 ಮಂದಿ ಹಿರಿಯರಲ್ಲಿ ಕೆಲವರಿಗೆ ವ್ಯಾಯಾಮ, ಕೆಲವರಿಗೆ ಮಾತ್ರೆ, ಉಳಿದವರಿಗೆ ಎರಡೂ. ಹದಿನಾರು ವಾರ ಕಳೆಯುವಷ್ಟರಲ್ಲಿ ಮೂರು ಗುಂಪುಗಳೂ ಹೆಚ್ಚುಕಡಿಮೆ ಸಮನಾಗಿ ಚೇತರಿಸಿಕೊಂಡಿದ್ದವು. ಮೊದಮೊದಲು ಮಾತ್ರೆಯವರು ಬೇಗ ಸುಧಾರಿಸಿದರು, ಅಷ್ಟೆ. ಆದರೆ ಉಪದೇಶ ಮಾಡುವವರು ಒಂದನ್ನು ಬಿಟ್ಟು ಹೇಳುತ್ತಾರೆ. ಅಲ್ಲಿ ಯಾರನ್ನೂ ‘ಮನಸ್ಸು ಬಂದಾಗ ನಡೀರಿ’ ಎಂದು ಮನೆಗೆ ಕಳಿಸಿರಲಿಲ್ಲ. ವಾರಕ್ಕೆ ಮೂರು ದಿನ, ಗೊತ್ತಾದ ಹೊತ್ತು, ಜೊತೆಗೆ ಜನ, ನೋಡಿಕೊಳ್ಳಲು ತಿಳಿದವರು.

ನಮ್ಮ ಮನೆಗಳಲ್ಲಿ ಕ್ರಮ ಬೇರೆ. ಮೊದಲು ಮೂಡ್ ಬರಬೇಕು, ಆಮೇಲೆ ಕೆಲಸ. ಆರೋಗ್ಯವಾಗಿ ಇರುವವರಿಗೆ ಅದು ನಡೆಯುತ್ತದೆ. ಖಿನ್ನತೆಯಲ್ಲಿ ಮೊದಲು ಕೈಕೊಡುವುದೇ ಆ ಮೂಡು. ಅದನ್ನು ಕಾಯುತ್ತ ಕೂತರೆ ಕೂತಲ್ಲೇ ಕತ್ತಲಾಗುತ್ತದೆ. 1970ರ ದಶಕದಲ್ಲಿ ಪೀಟರ್ ಲೆವಿನ್‌ಸನ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನೇ ತಿರುವಿಹಾಕಿದರು. ಮೊದಲು ಕೆಲಸ, ಮೂಡು ಹಿಂದಿನಿಂದ ಬಂದರೆ ಬರಲಿ. ನನ್ನ ಕೌನ್ಸೆಲರ್ ಇದನ್ನು ಹೇಳಿದ್ದು ಬಹಳ ಸರಳವಾಗಿ: ‘ಕೆರೆ ಸುತ್ತೋದು ಬೇಡ. ಚಪ್ಪಲಿ ಮೆಟ್ಟಿಕೊಂಡು ಗೇಟಿನ ತನಕ ಹೋಗಿ ವಾಪಸ್ ಬನ್ನಿ. ಇಷ್ಟ ಆಗಲೇಬೇಕು ಅಂತೇನಿಲ್ಲ.’ ಆ ಕೊನೆಯ ಮಾತಿನಿಂದ ನನಗೆ ಎಷ್ಟೋ ಭಾರ ಇಳಿಯಿತು. ಇಷ್ಟವಿಲ್ಲದೆ ಮಾಡಿದ್ದೂ ಲೆಕ್ಕಕ್ಕೆ ಸೇರುತ್ತದೆ! ವಿಶ್ವ ಆರೋಗ್ಯ ಸಂಸ್ಥೆಯೂ ಹಾಗೇ ಸಡಿಲವಾಗಿದೆ. ವಾರಕ್ಕೆ ಕನಿಷ್ಠ 150 ನಿಮಿಷ ಎಂಬುದು ಹಾಗೆಯೇ ಇದ್ದರೂ, ಒಂದೊಂದು ಸಲವೂ ಹತ್ತು ನಿಮಿಷವಾದರೂ ಸತತವಾಗಿರಬೇಕು ಎಂಬ ಹಳೆಯ ಷರತ್ತನ್ನು 2020ರ ಮಾರ್ಗಸೂಚಿ ಕೈಬಿಟ್ಟಿತು. ಗೇಟಿನ ತನಕ ಹೋಗಿಬಂದವರಿಗೂ ಈಗ ಹಾಜರಿ ಸಿಗುತ್ತದೆ.

ಗೇಟು ದಾಟಿ ಕುಕ್ಕರಹಳ್ಳಿ ಕೆರೆಯ ಏರಿಯ ತನಕ ಬಂದವಳಿಗೆ ಇನ್ನೊಂದು ತೊಡಕು ಕಾದಿತ್ತು. ಅಲ್ಲಿ ಸಿಕ್ಕವರೆಲ್ಲ ಕೇಳುವುದು ‘ಎಷ್ಟು ಇಳಿದ್ರಿ?’ ನಡಿಗೆಯೆಂದರೆ ಹೋಳಿಗೆ ತಿಂದ ಪಾಪಕ್ಕೆ ಪ್ರಾಯಶ್ಚಿತ್ತ ಎಂದೇ ಎಲ್ಲರ ನಂಬಿಕೆ. ಪ್ರಾಯಶ್ಚಿತ್ತಕ್ಕೆ ಫಲ ಕಾಣದಿದ್ದರೆ ಯಾರು ತಾನೆ ಮುಂದುವರಿಸುತ್ತಾರೆ? ತೂಕ ಅಷ್ಟು ಬೇಗ ಮಾತು ಕೇಳುವುದಿಲ್ಲ. ಖಿನ್ನತೆಯ ಕೆಲವು ಮಾತ್ರೆಗಳಂತೂ ಹಸಿವನ್ನೂ ತೂಕವನ್ನೂ ಏರಿಸುತ್ತವೆ. ಅದನ್ನು ಡಾಕ್ಟರಿಗೆ ಹೇಳಿ ಬದಲಿ ಕೇಳಬಹುದು. ತಾನಾಗಿ ಮಾತ್ರೆ ಬಿಡುವುದು ಮಾತ್ರ ಕೂಡದು. ನಾನು ನಡಿಗೆಯ ಖಾತೆಯಿಂದ ತೂಕವನ್ನೇ ಹೊಡೆದುಹಾಕಿದೆ. ಅವತ್ತು ನಡೆದದ್ದಕ್ಕೆ ಅವತ್ತೇ ಸಂಬಳ: ರಾತ್ರಿ ಒಂದಿಷ್ಟು ಗಾಢ ನಿದ್ದೆ, ಬೆಳಿಗ್ಗೆ ತಿಂಡಿಗೆ ತುಸು ಹಸಿವು. ಅದೂ ಸಿಗದ ದಿನಗಳಿವೆ. ಅಂಥ ದಿನ ನಡೆದದ್ದು ದಂಡವೆಂದು ಅನ್ನಿಸುತ್ತದೆ, ಮಾರನೆಯ ದಿನ ಚಪ್ಪಲಿ ಮತ್ತೆ ಬಾಗಿಲಲ್ಲೇ ಇರುತ್ತದೆ.

ನಡಿಗೆ ಒಂದೇ ಸಾಲದ ಸ್ಥಿತಿಯೂ ಉಂಟು. ಆಗ ಡಾಕ್ಟರ ಬಳಿ ಹೋಗಬೇಕು. ಹೋಗಲಾಗದಿದ್ದರೆ 14416ಕ್ಕೆ ಫೋನ್ ಮಾಡಬಹುದು. ಸರ್ಕಾರ 2022ರಲ್ಲಿ ಶುರು ಮಾಡಿದ ಟೆಲಿ ಮಾನಸ್ ಅದು; ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ, ಹಗಲುರಾತ್ರಿ ಇರುತ್ತದೆ.

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಹೀಗೆ ಮಂಕಾಗಿ ಕೂತವರಿದ್ದರೆ ‘ವಾಕಿಂಗ್ ಮಾಡು’ ಎನ್ನಬೇಡಿ. ಅದು ಅವರಿಗೆ ಬಾಯಿಪಾಠ ಆಗಿದೆ. ‘ನಂದಿನಿ ಬೂತಿಗೆ ಹೋಗ್ತಾ ಇದ್ದೀನಿ, ಬರ್ತೀಯಾ?’ ಎಂದು ಕೇಳಿ. ಬಂದರೆ ತೂಕದ ಮಾತೆತ್ತದೆ ನಡೆಯಿರಿ. ಬರಲ್ಲ ಎಂದರೆ ಬೇಸರಿಸದೆ ಮಾರನೆಯ ದಿನ ಮತ್ತೆ ಕೇಳಿ. ಹಾಲು ಹೇಗೂ ದಿನಾ ಬೇಕಲ್ಲ.