ಹುಸೇನಸಾಗರದ ಬಿಜಲೀಘರ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯವರಾದ ನಮಗೆ 1956ರ ವರೆಗೂ ಹೈದರಾಬಾದೇ ರಾಜಧಾನಿಯಾಗಿದ್ದಿತು. ಮೈಸೂರು ರಾಜ್ಯಕ್ಕೆ ಸೇರಿದ ತರುವಾಯವೂ ಹೊಟ್ಟೆಪಾಡಿನ ದಾರಿಯು ಅತ್ತ ಕಡೆಗೇ ಸಾಗಿದ್ದಿತು. ಜೇವರ್ಗಿಯ ಕಡೆಯವರಾದ ನಮ್ಮ ಸೋದರಮಾವನವರು ಹಾಗೆ ಹೋದವರೇ. ಹುಸೇನಸಾಗರದ ದಂಡೆಯ ಬಿಜಲೀಘರದಲ್ಲಿ ಒಲೆಗೆ ಕಲ್ಲಿದ್ದಲು ತುಂಬುವ ಕೆಲಸಕ್ಕೆ ನಿಂತರು.

ಆ ಬಿಜಲೀಘರವು ಮೀರ್ ಉಸ್ಮಾನ್ ಅಲೀ ಖಾನರ ಆಳಿಕೆಯಲ್ಲಿ, 1920ರಲ್ಲಿ ಸ್ಥಾಪಿತವಾದುದು. ಅದರ ಶಕ್ತಿ 22.5 ಮೆಗಾವ್ಯಾಟು. ರಾಯಚೂರಿನ ಶಕ್ತಿನಗರದಲ್ಲಿ 1985ರಲ್ಲಿ ಹೂಡಿದ ಮೊದಲನೆಯ ಯಂತ್ರವೊಂದೇ 210 ಮೆಗಾವ್ಯಾಟಿನದೆಂದರೆ, ಹಳೆಯದು ಎಷ್ಟು ಚಿಕ್ಕದೆಂಬುದನ್ನು ವಾಚಕರೇ ಊಹಿಸಬಹುದು. ಆದರೆ ಮಾವನವರ ಬಾಯಲ್ಲಿ ಅದು ಬೆಟ್ಟದಷ್ಟಾಗುತ್ತಿತ್ತು. "ಅನ್ನದ ಗಡಿಗಿ ಕುದ್ದು ಮುಚ್ಚಳ ಎತ್ತತದಲ್ಲ, ಅದೇ ಉಗಿ ಅಲ್ಲಿ ಚಕ್ರ ತಿರಗಸತದ" ಎಂದು ಅವರು ಅಡಿಗೆಯ ಮನೆಯಲ್ಲಿ ಕುಳಿತು ವಿವರಿಸುತ್ತಿದ್ದರು. ಆ ಆವಿಯನ್ನು ತಣಿಸಿ ಮತ್ತೆ ನೀರಾಗಿಸಲು ಕೆರೆಯ ನೀರು ಬೇಕಾಗುತ್ತಿದ್ದಿತು.

ಇತ್ತ ಊರಿನ ಮನೆಯಲ್ಲಿ ಚಿಮಣಿ ಬುಡ್ಡಿ. ಅತ್ತೆಯವರು ಅದರ ಮಸಿಯನ್ನು ಒರಸುತ್ತ, "ಅಲ್ಲಿ ಊರಿಗೆಲ್ಲಾ ಬೆಳಕ ಮಾಡತೀರಿ, ಒಂದು ಮುಟಗಿ ಇಲ್ಲಿಗೂ ಕಟಗೊಂಡು ಬರಬಾರದೇನ್ರಿ?" ಎಂದು ಕೆಣಕುವರು. ಬೆಳಕನ್ನು ತರಲಾಗದಿದ್ದರೆ ಬೆಳಕಿನ ಮನೆಯನ್ನಾದರೂ ತೋರಿಸುವೆನೆಂದು ಮಾವನವರು ಮಾತು ಕೊಟ್ಟಿದ್ದರು. ಒಂದು ವರುಷ ಜೋಳದ ರಾಶಿ, ಇನ್ನೊಂದು ವರುಷ ಮಗಳ ಬಾಣಂತನ, ಹೋಗುವುದು ಕೂಡಿಬರಲಿಲ್ಲ. ಕೊನೆಯ ದಿನಗಳಲ್ಲಿ ಆ ಮಾತನ್ನು ನಮಗೆ ಒಪ್ಪಿಸಿ ಹೋದರು.

ನಾವೂ ತಡಮಾಡಿದೆವು. ನೌಕರಿಯ ನೆವ ಹೇಳಬಹುದು. ನಿಜವಾಗಿ ಅದು ಆಲಸ್ಯ. 1983ರಲ್ಲಿ ಬಿಜಲೀಘರವು ನಿಂತುಹೋಯಿತು. 1995ರಲ್ಲಿ ಅದನ್ನು ಕೆಡವಿದರು. ನಾವು ಅತ್ತೆಯವರನ್ನು ಕರೆದೊಯ್ದುದು 2004ರಲ್ಲಿ! ಆ ನೆಲದಲ್ಲಿ ಎನ್.ಟಿ.ಆರ್. ಉದ್ಯಾನವೂ ದೊಡ್ಡದೊಂದು ಚಲಚ್ಚಿತ್ರ ಮಂದಿರವೂ ಎದ್ದಿದ್ದವು.

"ನಿಮ್ಮ ಮಾಮಾ ನಿಲ್ಲತಿದ್ದ ಜಾಗ ಯಾವುದಪಾ?" ಎಂದು ಅತ್ತೆಯವರು ಕೇಳಿದರು. ಹುಲ್ಲುಹಾಸಿನತ್ತ ಸುಮ್ಮನೆ ಕೈ ತೋರಿಸಿದೆವು. ಅವರು ಬಹಳ ಹೊತ್ತು ನೋಡಿ, "ಕೆರಿ ಅರ ಅದೇ ಅದನೋ?" ಎಂದರು. ಅದೇ ಎಂದೆವು.

ಅಷ್ಟರಲ್ಲಿ ಕೆರೆಯ ಸುತ್ತಲಿನ ದೀಪಗಳು ಒಮ್ಮೆಲೇ ಹತ್ತಿದವು. ಸಂಜೆ ಮನೆಯಲ್ಲಿ ದೀಪ ಹಚ್ಚಿದಾಗ ಮಾಡುವಂತೆ ಅತ್ತೆಯವರು ತಲೆಯ ಮೇಲೆ ಸೆರಗೆಳೆದುಕೊಂಡು ಕೈಮುಗಿದರು. ಈ ಬೆಳಕು ಈಗ ಬೇರೆಲ್ಲಿಂದಲೋ ಬರುವುದೆಂದು ಹೇಳಲು ಬಾಯಿ ತೆರೆದ ನಾವು ಸುಮ್ಮನಾದೆವು.